ಶಾಲೆಗೆ ಹೋಗಲು ಹೆದರುವ ಹದಿಹರೆಯದ ಮಕ್ಕಳು: ನಮ್ಮ ಕಡೆಯ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಡಾಕ್ಟರ್ ಅಲ್ಲ. ಆದರೆ ಪ್ರತಿ ವರ್ಷ ಜೂನ್ ಬಂತು ಅಂದರೆ ಯಾರಾದರೂ ಒಬ್ಬ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಸರ್, ನಮ್ಮ ಹುಡುಗ ಸಾಲಿಗಿ ಬರಲ್ಲ ಅಂತ ಕುಂತಾನ" ಅಂತ ಶುರು ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಔಷಧಿಯ ವಿಷಯದಲ್ಲಿ ಮಾತ್ರ ಡಾಕ್ಟರ್ ಮಾತೇ ಕೊನೆ.

ಬೆಳಿಗ್ಗೆ ಹೊಟ್ಟೆನೋವು ಅಂತಾನೆ. ಹನ್ನೊಂದು ಗಂಟೆಗೆ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಇದು ನಾಟಕ ಅಲ್ವಾ?

ಅಲ್ಲ. ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಭಯ ಆದಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತಿರುಚಿದ ಹಾಗೆ ಆಗುತ್ತದೆ, ಕೆಲವರಿಗೆ ವಾಂತಿ, ಕೆಲವರಿಗೆ ನಾಲ್ಕು ಸಲ ಸಂಡಾಸಿಗೆ ಓಟ. ಶಾಲೆ ಬಸ್ ಹೋಯಿತು, ಇವತ್ತು ಹೋಗಬೇಕಾಗಿಲ್ಲ ಅಂತ ಖಾತ್ರಿ ಆದ ಕೂಡಲೇ ಮೈ ಸಡಿಲಾಗುತ್ತದೆ, ನೋವೂ ಇಳಿಯುತ್ತದೆ. ನೋಡಿದವರಿಗೆ ಮೋಸ ಅನಿಸುವುದು ಇದೇ ಕಾರಣಕ್ಕೆ.

ರವಿವಾರ ಸಂಜೆಯಿಂದಲೇ ಮುಖ ಸಪ್ಪಗಾಗುವುದು, ರಾತ್ರಿ ನಿದ್ದೆ ಬಾರದೆ ಹೊರಳಾಡುವುದು, ರಜೆಯಲ್ಲಿ ಮಾತ್ರ ಯಾವ ನೋವೂ ಇಲ್ಲದಿರುವುದು, ಇವನ್ನು ಗಮನಿಸಿ. ಹಾಗಂತ ನೀವೇ ತೀರ್ಮಾನ ಮಾಡಿಬಿಡಬೇಡಿ. ಒಮ್ಮೆ ದವಾಖಾನೆಗೆ ಕರೆದುಕೊಂಡು ಹೋಗಿ ರಕ್ತಹೀನತೆ, ಥೈರಾಯ್ಡ್, ಕಣ್ಣು, ಕಿವಿ ನೋಡಿಸಿ. ಬೋರ್ಡು ಕಾಣದೆ, ಅದನ್ನು ಹೇಳಲು ನಾಚಿಕೊಂಡು ಶಾಲೆ ಬೇಡ ಅನ್ನುವ ಮಕ್ಕಳೂ ಇದ್ದಾರೆ.

ಕ್ಲಾಸು ತಪ್ಪಿಸಿ ಅಡ್ಡಾಡುವ ಹುಡುಗರಿಗೂ ಇವನಿಗೂ ಏನು ಫರಕು?

ತಪ್ಪಿಸಿ ಅಡ್ಡಾಡುವವನು ಮನೆಯಲ್ಲಿ ಹೇಳುವುದಿಲ್ಲ. ಬ್ಯಾಗ್ ಹಾಕಿಕೊಂಡು ಹೊರಡುತ್ತಾನೆ, ಬಸ್ ಸ್ಟ್ಯಾಂಡಿನಲ್ಲೋ ಕ್ರಿಕೆಟ್ ಮೈದಾನದಲ್ಲೋ ಇರುತ್ತಾನೆ. ಭಯ ಇರುವವನು ನಿಮ್ಮ ಕಣ್ಣೆದುರೇ, ಮನೆಯಲ್ಲೇ ಇರುತ್ತಾನೆ. ಅವನಿಗೆ ಓದು ಬೇಡ ಅಂತಲ್ಲ. ಎಷ್ಟೋ ಸಲ ಇವರೇ ಜಾಸ್ತಿ ಓದುವ ಮಕ್ಕಳು, ಒಂದು ಮಾರ್ಕ್ಸ್ ಕಡಿಮೆ ಬಂದರೆ ಊಟ ಬಿಡುವವರು. ಯೂನಿಫಾರ್ಮ್ ಹಾಕಿಕೊಂಡು, ಒಂದು ಕಾಲಿಗೆ ಸಾಕ್ಸ್ ಏರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಅರ್ಧ ಗಂಟೆ ಕೂತುಬಿಡುತ್ತಾರೆ. ಸೋಮಾರಿ ಆಗಿದ್ದರೆ ಆ ಒಂದು ಸಾಕ್ಸೂ ಹಾಕುತ್ತಿರಲಿಲ್ಲ.

ಸಣ್ಣವನಿದ್ದಾಗ ಕುಣಿದಾಡಿಕೊಂಡು ಹೋಗುತ್ತಿದ್ದ. ಈಗ ಏನಾಯ್ತು?

ಒಂದೇ ಕಾರಣ ಸಿಗುವುದು ಕಡಿಮೆ. ಏಳನೇ ಕ್ಲಾಸು ಊರ ಶಾಲೆಯಲ್ಲಿ ಮುಗಿಸಿ ಎಂಟಕ್ಕೆ ಪಟ್ಟಣದ ಹೈಸ್ಕೂಲಿಗೆ ಬಂದಾಗ ಬಹಳ ಮಕ್ಕಳು ಅಲುಗಾಡುತ್ತಾರೆ. ಕನ್ನಡದಿಂದ ಒಮ್ಮೆಲೇ ಇಂಗ್ಲಿಷ್ ಮೀಡಿಯಂ ಆದರಂತೂ ಕೇಳಲೇಬೇಡಿ. ಎದ್ದು ನಿಂತು ಓದು ಅಂದಾಗ ಒಂದು ಶಬ್ದ ತಪ್ಪಿ, ಇಡೀ ಕ್ಲಾಸು ನಕ್ಕು, ಅಲ್ಲಿಂದ ಶುರುವಾದದ್ದು ಎಷ್ಟೋ. ಭಾಷೆ, ಬಣ್ಣ, ಜಾತಿ, ಮೈಕಟ್ಟು ಹಿಡಿದು ಆಡಿಕೊಳ್ಳುವವರು ಇರುತ್ತಾರೆ. ಹುಡುಗಿಯರಿಗೆ ಶಾಲೆಯ ಶೌಚಾಲಯ ಸರಿ ಇಲ್ಲದಿದ್ದರೆ ಮುಟ್ಟಿನ ದಿನಗಳೇ ದೊಡ್ಡ ಭಯ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಅಪ್ಪನ ಕುಡಿತ ಜಾಸ್ತಿ ಆಗಿದ್ದರೆ, ನಾನು ಹೋದಮೇಲೆ ಅವ್ವನಿಗೆ ಏನಾಗುತ್ತೋ ಅಂತ ಮನೆ ಬಿಡಲು ಹೆದರುವವರೂ ಉಂಟು.

ಇನ್ನು ಹತ್ತನೇ ಕ್ಲಾಸು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ಕಲಬುರಗಿ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕೆ ಬಂತು, ಎಲ್ಲರಿಗೂ ಗೊತ್ತು. ಅಂಥ ಫಲಿತಾಂಶ ಬಂದಾಗ ಇಲಾಖೆ ಶಾಲೆಗಳ ಮೇಲೆ, ಶಾಲೆ ಮೇಷ್ಟ್ರ ಮೇಲೆ, ಮೇಷ್ಟ್ರು ಮಕ್ಕಳ ಮೇಲೆ ಒತ್ತಡ ಹಾಕುವುದು ನಡೆದೇ ಇದೆ. ಸ್ಪೆಷಲ್ ಕ್ಲಾಸು, ದಿನಾ ಟೆಸ್ಟು, ಮಾರ್ಕ್ಸ್ ಎಲ್ಲರೆದುರು ಓದಿ ಹೇಳುವುದು. ಗಟ್ಟಿ ಇರುವವರು ತಡೆದುಕೊಳ್ಳುತ್ತಾರೆ. ಮೊದಲೇ ಹೆದರಿದವರು ಮನೆ ಹಿಡಿಯುತ್ತಾರೆ. ನಾನೂ ಮೇಷ್ಟ್ರೇ, ಆದರೂ ಹೇಳುತ್ತೇನೆ, ಮಾರ್ಕ್ಸ್ ಕೂಗಿ ಹೇಳುವುದರಿಂದ ಯಾವ ಮಗುವೂ ಪಾಸಾಗಿಲ್ಲ.

ಓದುವಾಗ ಅಕ್ಷರ ಹಿಂದುಮುಂದಾಗುವುದು, ಬಾಯಲ್ಲಿ ಬಂದದ್ದು ಬರೆಯಲು ಬಾರದಿರುವುದು ಕಂಡರೆ ಕಲಿಕೆಯ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಅದು ಖಾತ್ರಿಯಾದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು.

ಏನಾಯ್ತು ಅಂತ ಕೇಳಿದರೆ ಬಾಯೇ ಬಿಡಲ್ಲ.

ಎದುರಿಗೆ ಕೂರಿಸಿಕೊಂಡು ಕೇಳಿದರೆ ಯಾರೂ ಹೇಳುವುದಿಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ, ಕಡಲೆಕಾಯಿ ಬಿಡಿಸುವಾಗ, ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿದಾಗ ಮಾತು ಹೊರಗೆ ಬರುತ್ತದೆ. "ಯಾಕೆ ಹೋಗಲ್ಲ" ಅನ್ನಬೇಡಿ. "ಶಾಲೆಯಲ್ಲಿ ಯಾವ ಹೊತ್ತು ಬಹಳ ಕಷ್ಟ ಆಗುತ್ತೆ? ಬಸ್ಸಾ, ಪ್ರಾರ್ಥನೆಯಾ, ಗಣಿತದ ಕ್ಲಾಸಾ, ಊಟದ ಹೊತ್ತಾ?" ಅಂತ ಕೇಳಿ. ಪೂರ್ತಿ ಶಾಲೆಗೇ ಹೆದರುವ ಮಗು ಕಡಿಮೆ. ಅದರಲ್ಲಿ ಒಂದು ಮೂಲೆ ಇರುತ್ತದೆ. ಆ ಮೂಲೆ ಸಿಕ್ಕರೆ ಅರ್ಧ ಕೆಲಸ ಆಯ್ತು.

ಯಾರಾದರೂ ಮೈ ಮುಟ್ಟಿದ ಸುಳಿವು ಸಿಕ್ಕರೆ ಮಾತ್ರ ಇದು ಭಯದ ಪ್ರಶ್ನೆ ಅಲ್ಲ, ಅಪರಾಧದ ಪ್ರಶ್ನೆ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ದೂರು ಕೊಡಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಮನೆತನದ ಮರ್ಯಾದೆ ಅಂತ ಮುಚ್ಚಿಡಬೇಡಿ. ಮಗುವನ್ನು ಆ ಜಾಗಕ್ಕೆ ವಾಪಸ್ ಕಳಿಸಬೇಡಿ.

ಒಂದೆರಡು ವಾರ ಮನೆಯಲ್ಲೇ ಇರಲಿ, ತಾನೇ ಹೋಗುತ್ತಾನೆ ಅಂತ ಬಿಡಬಹುದಾ?

ಇದೇ ಎಲ್ಲರೂ ಸಿಕ್ಕಿಕೊಳ್ಳುವ ಜಾಗ. ಮನೆಯಲ್ಲಿ ಉಳಿದ ಕೂಡಲೇ ಮಗುವಿಗೆ ಹಾಯ್ ಅನಿಸುತ್ತದೆ. ಹೋಗದಿದ್ದರೆ ಭಯ ಇಲ್ಲ ಅಂತ ಮನಸ್ಸು ಕಲಿತುಕೊಳ್ಳುತ್ತದೆ. ಮರುದಿನ ಹೊಸಿಲು ದಾಟುವುದು ಇನ್ನಷ್ಟು ಕಷ್ಟ. ಅಷ್ಟರಲ್ಲಿ ಪಾಠ ಹಿಂದೆ ಬೀಳುತ್ತದೆ, ಗೆಳೆಯರು "ಎಲ್ಲಿ ಹೋಗಿದ್ದೀಯೋ" ಅಂತ ಕೇಳುತ್ತಾರೆ ಅನ್ನುವ ಹೊಸ ಭಯ ಸೇರುತ್ತದೆ. ಜ್ವರ ಆದರೆ ವಿಶ್ರಾಂತಿಯಿಂದ ಇಳಿಯುತ್ತದೆ, ಭಯ ವಿಶ್ರಾಂತಿಯಿಂದ ಬೆಳೆಯುತ್ತದೆ. ಹಾಗಾಗಿ ಮೊದಲ ವಾರದಲ್ಲೇ ಕೈ ಹಾಕಿ.

ಅವರಪ್ಪ ಎರಡು ಕೊಟ್ಟು ಎಳೆದುಕೊಂಡು ಹೋಗಿ ಬಿಟ್ಟುಬರುತ್ತೇನೆ ಅಂತಾರೆ.

ಬೇಡ. ಗೇಟಿನ ಎದುರು, ಊರೆಲ್ಲ ನೋಡುವಾಗ, ಕೈ ಹಿಡಿದು ಎಳೆದರೆ ಆ ಗೇಟಿಗೆ ಅವಮಾನವೂ ಅಂಟಿಕೊಳ್ಳುತ್ತದೆ. ಎರಡನೇ ದಿನ ಅವನು ಕೋಣೆಯ ಚಿಲಕ ಹಾಕಿಕೊಳ್ಳುತ್ತಾನೆ. ಶಾಲೆಯಲ್ಲೂ ಹೊಡೆಯುವ ಹಾಗಿಲ್ಲ, ಮಾತಿನಲ್ಲಿ ಚುಚ್ಚಿ ಹಿಂಸಿಸುವ ಹಾಗೂ ಇಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಎರಡನ್ನೂ ನಿಷೇಧಿಸಿದೆ. ಅಪ್ಪನಿಗೆ ಸಿಟ್ಟು ಬರುವುದು ಸಹಜ, ಫೀಸು ಕಟ್ಟಿದ್ದು ಅವರು. ಆದರೆ ಆ ಸಿಟ್ಟಿಗೆ ಬೇರೆ ಕೆಲಸ ಕೊಡಿ, ಹೆಡ್ ಮಾಸ್ಟರ್ ಹತ್ತಿರ ಮಾತಾಡುವ ಕೆಲಸ ಅವರದು.

ಬಿಡಲೂಬಾರದು, ಎಳೆಯಲೂಬಾರದು. ಹಾಗಾದರೆ ಮಾಡುವುದೇನು?

ನಮ್ಮ ಊರುಗಳಲ್ಲಿ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಡಬ್ಬಿ ಕಟ್ಟಿ, ಮೊದಲು ಮೆಟ್ಟಿಲ ಹತ್ತಿರವೇ ಕೈಕಾಲು ಬಡಿಸುತ್ತಾರೆ, ಅಲ್ವಾ? ಇಲ್ಲೂ ಅಷ್ಟೇ, ಒಂದೊಂದೇ ಮೆಟ್ಟಿಲು. ಮನಶ್ಶಾಸ್ತ್ರದವರು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ.

ಮಗುವಿನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಯಾವುದು ಎಷ್ಟು ಭಯ, ಹತ್ತಕ್ಕೆ ಎಷ್ಟು ಅಂಕ ಅಂತ ಅವನೇ ಹಾಕಲಿ. ಯೂನಿಫಾರ್ಮ್ ಹಾಕಿಕೊಂಡು ಬಸ್ ಸ್ಟಾಪಿನವರೆಗೆ ಹೋಗಿ ಬರುವುದು ಎರಡು. ಸಂಜೆ ಶಾಲೆ ಬಿಟ್ಟಮೇಲೆ ಖಾಲಿ ಆವರಣದಲ್ಲಿ ಒಂದು ಸುತ್ತು ಹಾಕುವುದು ಮೂರು. ಒಬ್ಬ ಇಷ್ಟದ ಟೀಚರನ್ನು ಭೇಟಿ ಮಾಡಿ ಬರುವುದು ನಾಲ್ಕು. ಪ್ರಾರ್ಥನೆ ಮುಗಿದಮೇಲೆ ಬಂದು ಲೈಬ್ರರಿಯಲ್ಲಿ ಒಂದು ಪಿರಿಯಡ್ ಕೂರುವುದು ಐದು. ಇಷ್ಟದ ಎರಡು ಪಿರಿಯಡ್ ಕ್ಲಾಸಿನಲ್ಲಿ, ಹಿಂದಿನ ಬೆಂಚಿನಲ್ಲಿ ಬಾಗಿಲ ಪಕ್ಕ ಕೂರುವುದು ಏಳು. ಮಧ್ಯಾಹ್ನದ ಊಟದವರೆಗೆ ಇರುವುದು ಎಂಟು. ಪೂರ್ತಿ ದಿನ ಹತ್ತು. ಇದು ಉದಾಹರಣೆ ಮಾತ್ರ. ನಿಮ್ಮ ಮಗಳಿಗೆ ಕ್ಲಾಸು ಸುಲಭ, ಊಟದ ಹೊತ್ತು ಕಷ್ಟ ಇರಬಹುದು, ಆಗ ಪಟ್ಟಿ ತಿರುಗುತ್ತದೆ.

ಕೆಳಗಿನ ಮೆಟ್ಟಿಲಿಂದ ಶುರು ಮಾಡಿ. ಒಂದು ಮೆಟ್ಟಿಲನ್ನು ನಾಲ್ಕಾರು ಸಲ ಮಾಡಿದಮೇಲೆ ಅದರ ಅಂಕ ತಾನೇ ಇಳಿಯುತ್ತದೆ, ಆಗ ಮುಂದಿನದು. ಇಲ್ಲಿ ಒಂದು ಗುಟ್ಟಿದೆ. ಭಯ ನೆತ್ತಿಗೇರಿದಾಗಲೇ ಅಲ್ಲಿಂದ ಹೊರಟುಬಿಡಬಾರದು. ಸ್ವಲ್ಪ ಇಳಿಯುವ ತನಕ ಅಲ್ಲೇ ಇದ್ದು ಆಮೇಲೆ ಹೊರಡಬೇಕು. ಇಳಿಯುತ್ತದೆ ಅನ್ನುವುದನ್ನು ಮೈ ಸ್ವತಃ ನೋಡಬೇಕು, ಬಾಯಲ್ಲಿ ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ. ಮತ್ತೆ, ಇವತ್ತು ಚೆನ್ನಾಗಿ ಹೋಯಿತು ಅಂತ ಖುಷಿಯಲ್ಲಿ "ಇನ್ನೆರಡು ಪಿರಿಯಡ್ ಕೂತು ಬಾ" ಅನ್ನಬೇಡಿ. ಒಪ್ಪಿದ್ದಕ್ಕಿಂತ ಜಾಸ್ತಿ ಕೇಳಿದರೆ ನಾಳೆ ನಿಮ್ಮ ಮಾತು ನಂಬುವುದಿಲ್ಲ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಅಳು ಶುರುವಾದರೆ ಏನು ಹೇಳಬೇಕು?

ಕಡಿಮೆ ಮಾತಾಡಿ. ಬೆಳಿಗ್ಗೆ ವಾದ ಮಾಡುವ ಹೊತ್ತಲ್ಲ. ನಾಳೆ ಏನು ಮಾಡಬೇಕು ಅನ್ನುವುದು ಹಿಂದಿನ ಸಂಜೆಯೇ ತೀರ್ಮಾನ ಆಗಿರಬೇಕು. ಬ್ಯಾಗ್, ಬಟ್ಟೆ, ನೀರಿನ ಬಾಟಲಿ ರಾತ್ರಿಯೇ ತಯಾರಿರಲಿ. "ಅವ್ವಾ, ಹೊಟ್ಟಿ ನೋಯ್ಲಕತ್ತದ" ಅಂದರೆ "ಗೊತ್ತದಪ್ಪ, ಭಯಕ್ಕ ನೋಯ್ತದ. ಹೋದ ಮ್ಯಾಲ ಕಡಿಮಿ ಆಗ್ತದ. ಇವತ್ತು ಬರೇ ಎರಡು ಪಿರಿಯಡ್" ಅನ್ನಿ, ಅಷ್ಟೇ. ನೋವು ಸುಳ್ಳು ಅನ್ನಬೇಡಿ, ನೋವಿದ್ದರೆ ಬೇಡ ಬಿಡು ಅಂತಲೂ ಅನ್ನಬೇಡಿ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ಪೂರ್ತಿ ರೊಟ್ಟಿ ಇಳಿಯದಿದ್ದರೆ ಚಾ ಜೊತೆ ಎರಡು ಬಿಸ್ಕೀಟಾದರೂ ಸಾಕು.

ಕಳಿಸುವವರೇ ಹೆಚ್ಚು ಹೆದರಿದ್ದರೆ ಮಗು ಮುಖ ನೋಡಿಯೇ ಕಂಡುಹಿಡಿಯುತ್ತದೆ. ಅವ್ವನನ್ನು ಬಿಟ್ಟುಬರುವುದೇ ಕಷ್ಟ ಆಗಿದ್ದರೆ ಕಾಕಾ ಅಥವಾ ಅಕ್ಕ ಬಿಟ್ಟುಬರಲಿ. ಬಹಳ ಮನೆಗಳಲ್ಲಿ ಇದೊಂದೇ ಬದಲಾವಣೆಗೆ ಬೆಳಗಿನ ಗಲಾಟೆ ಅರ್ಧ ಕಡಿಮೆ ಆಗಿದೆ.

ಕ್ಲಾಸಿನಲ್ಲಿ ಒಮ್ಮೆಲೇ ಉಸಿರು ಸಿಗದ ಹಾಗೆ ಆಗಿ, ಸಾಯ್ತೀನಿ ಅನಿಸುತ್ತೆ ಅಂತಾಳೆ.

ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ನೆತ್ತಿಗೇರಿ ಆಮೇಲೆ ಇಳಿಯುತ್ತದೆ. ಭಯಂಕರ ಅನಿಸುತ್ತದೆ, ಜೀವಕ್ಕೆ ಅಪಾಯ ಇಲ್ಲ. ಆದರೆ ಮೊದಲ ಸಲ ಆದಾಗ, ಅಥವಾ ಎಚ್ಚರ ತಪ್ಪಿದರೆ, ಡಾಕ್ಟರಿಗೆ ತೋರಿಸಿಯೇ ಹಾಗಂತ ಖಾತ್ರಿ ಮಾಡಿಕೊಳ್ಳಿ.

ಆ ಹೊತ್ತಿಗೆ ಮಾಡಬೇಕಾದ್ದು: ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಬಾಯಿಂದ ಆರು ಎಣಿಸುವಷ್ಟು ನಿಧಾನಕ್ಕೆ ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು, ಅದೇ ಮುಖ್ಯ. ಕಾಲು ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಮನಸ್ಸಿನಲ್ಲಿ ಹೇಳಿಕೊಳ್ಳಲಿ. ಇದನ್ನು ಮನೆಯಲ್ಲಿ ಆರಾಮಾಗಿದ್ದಾಗ ರೂಢಿ ಮಾಡಿಸಿ, ಗಾಬರಿಯಾದಾಗ ಹೊಸದಾಗಿ ಕಲಿಸಲು ಬರುವುದಿಲ್ಲ. ಸುತ್ತ ಹತ್ತು ಹುಡುಗಿಯರು ನಿಂತು ಈರುಳ್ಳಿ ಮೂಸಿಸುವುದು, ಮುಖಕ್ಕೆ ನೀರು ಚಿಮುಕಿಸುವುದು ಬೇಡ.

ಶಾಲೆಗೆ ಹೋಗದ ದಿನ ಮೊಬೈಲ್ ಕೊಡಬಹುದಾ?

ಶಾಲೆಯ ಹೊತ್ತಿನಲ್ಲಿ ಬೇಡ. ಶಿಕ್ಷೆ ಅಂತಲ್ಲ. ಮನೆ ಶಾಲೆಗಿಂತ ಮಜಾ ಇರಬಾರದು, ಅಷ್ಟೇ. ಎಂದಿನ ಹೊತ್ತಿಗೆ ಏಳಲಿ, ಸ್ನಾನ ಮಾಡಲಿ, ಪಿರಿಯಡ್ ಪ್ರಕಾರ ಪುಸ್ತಕ ಹಿಡಿದು ಕೂರಲಿ, ಹಗಲು ನಿದ್ದೆ ಬೇಡ. ಶಾಲೆ ಬಿಡುವ ಹೊತ್ತಿನ ನಂತರ ಮೊಬೈಲ್, ಆಟ, ಗೆಳೆಯರು ಎಲ್ಲ ಇರಲಿ. ಮುಖ್ಯವಾಗಿ ಗೆಳೆಯರು. ಒಬ್ಬ ಗೆಳೆಯ ಮನೆಗೆ ಬಂದು ನೋಟ್ಸ್ ಕೊಟ್ಟು ಹೋಗುತ್ತಿದ್ದರೆ ಶಾಲೆಯ ನಂಟು ಕಡಿಯುವುದಿಲ್ಲ. ರಾತ್ರಿ ಎರಡು ಗಂಟೆವರೆಗೆ ರೀಲ್ಸ್ ನೋಡಿದರೆ ಬೆಳಿಗ್ಗೆ ಯಾವ ಮೆಟ್ಟಿಲೂ ಹತ್ತಲು ಆಗುವುದಿಲ್ಲ, ಆ ಕಟ್ಟುನಿಟ್ಟು ಮಾತ್ರ ಮನೆಯವರೆಲ್ಲರಿಗೂ ಒಂದೇ ಇರಲಿ.

ಶಾಲೆಯವರ ಹತ್ತಿರ ಹೇಗೆ ಕೇಳೋದು? ಅವರು ಲೀವ್ ಲೆಟರ್ ಬರೆದುಕೊಡಿ ಅಂತಾರೆ, ಅಷ್ಟೇ.

ಹೆಡ್ ಮಾಸ್ಟರನ್ನೂ ಕ್ಲಾಸ್ ಟೀಚರನ್ನೂ ಒಟ್ಟಿಗೆ ಭೇಟಿಯಾಗಿ, ಬರೆದುಕೊಂಡು ಹೋಗಿ. "ಜ್ವರ" ಅಂತ ಸುಳ್ಳು ಬರೆಯಬೇಡಿ, ಒಂದು ತಿಂಗಳು ಜ್ವರ ಯಾರಿಗೂ ಇರುವುದಿಲ್ಲ. ಹೀಗೆ ಬರೆಯಿರಿ: "ನಮ್ಮ ಮಗಳಿಗೆ ಆತಂಕದ ತೊಂದರೆ ಇದೆ, ಚಿಕಿತ್ಸೆ ನಡೆದಿದೆ. ಪೂರ್ತಿ ದಿನ ಕೂರುವುದು ಸದ್ಯಕ್ಕೆ ಕಷ್ಟ. ಮುಂದಿನ ನಾಲ್ಕು ವಾರ ಹಂತ ಹಂತವಾಗಿ ಬರಲು ಅನುಮತಿ ಕೊಡಿ. ಎಲ್ಲರೆದುರು ಎಬ್ಬಿಸಿ ಪ್ರಶ್ನೆ ಕೇಳಬೇಡಿ. ಗಾಬರಿಯಾದರೆ ಹೊರಗೆ ಹೋಗಿ ಐದು ನಿಮಿಷ ಕೂರಲು ಒಂದು ಜಾಗ ಹೇಳಿ."

ಬಂದ ದಿನ "ಏನವ್ವಾ, ರಾಣಿ ಬಂದ್ಲು" ಅಂತ ಯಾವ ಟೀಚರೂ ಅನ್ನಬಾರದು ಅಂತಲೂ ಕೇಳಿಕೊಳ್ಳಿ. ಸುಮ್ನೆ ತಮಾಷೆಗೆ ಅಂದ ಒಂದು ಮಾತು ಮೂರು ವಾರದ ಕೆಲಸ ಹಾಳು ಮಾಡುತ್ತದೆ.

ಹಾಜರಾತಿ ಕಡಿಮೆ ಆದರೆ ಎಸ್ಸೆಸ್ಸೆಲ್ಸಿ ಕೂರಲು ಬಿಡ್ತಾರಾ?

ಶಾಲೆಯಿಂದ ಕೂರಲು 75 ಪರ್ಸೆಂಟ್ ಹಾಜರಾತಿ ಬೇಕು. ಅದಕ್ಕೆ ಡಾಕ್ಟರ್ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿಡಿ, ಕೊರತೆ ಆಗುವ ಮೊದಲೇ ಹೆಡ್ ಮಾಸ್ಟರ್ ಜೊತೆ ಮಾತಾಡಿ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದರಲ್ಲಿ ಹೋದರೆ ಇನ್ನೊಂದು. ಇದನ್ನು ಮಗುವಿಗೆ ಬಿಡಿಸಿ ಹೇಳಿ, ಎಷ್ಟೋ ಭಾರ ಇಳಿಯುತ್ತದೆ. ತೀರಾ ಆಗದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವುದು, ಓಪನ್ ಸ್ಕೂಲ್ ಮೂಲಕ ಬರೆಯುವುದು ಇದ್ದೇ ಇದೆ. ಆದರೆ ಭಯಕ್ಕೆ ಚಿಕಿತ್ಸೆ ಕೊಡಿಸದೆ ಆ ದಾರಿ ಹಿಡಿದರೆ ಪಿಯುಸಿಗೆ ಬಂದಾಗ ಅದೇ ಭಯ ಕಾದು ಕೂತಿರುತ್ತದೆ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು? ಬೆಂಗಳೂರಿಗೇ ಹೋಗಬೇಕಾ?

ಎರಡು ವಾರ ಪ್ರಯತ್ನಪಟ್ಟರೂ ಶಾಲೆ ಮುಟ್ಟಲು ಆಗದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಆಟವೂ ಬೇಡವಾಗಿದ್ದರೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್ ತನಕ ಓಡಬೇಕಾಗಿಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಚೀಟಿ ಮಾಡಿಸುವಾಗ ಮನೋರೋಗ ವಿಭಾಗ ಅಂತ ಕೇಳಿ. ಸುರಪುರ, ಆಳಂದ, ಔರಾದ ಕಡೆಯವರು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕಿಗೆ ಬರುವ ವ್ಯವಸ್ಥೆ ಇದೆ. ಬಸ್ ಹತ್ತುವ ಮೊದಲು ಆ ವಾರ ಬರುತ್ತಾರಾ ಅಂತ ಕೇಳಿಕೊಳ್ಳಿ.

ಮನೆಯಿಂದಲೇ ಶುರು ಮಾಡಬೇಕು ಅಂದರೆ ಟೆಲಿ ಮನಸ್, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪಾಲಕರೂ ಮಾಡಬಹುದು, ಮಗುವೇ ಮಾಡಬೇಕು ಅಂತಿಲ್ಲ.

ಗುಳಿಗೆ ಶುರು ಮಾಡಿದರೆ ಜೀವನಪೂರ್ತಿ ಬೇಕಂತೆ, ಚಟ ಆಗುತ್ತಂತೆ?

ಬಹಳ ಮಕ್ಕಳಿಗೆ ಗುಳಿಗೆಯೇ ಬೇಕಾಗುವುದಿಲ್ಲ, ಮಾತಿನ ಚಿಕಿತ್ಸೆ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಮಾಡುವ ಅಭ್ಯಾಸ ಸಾಕಾಗುತ್ತದೆ. ತೊಂದರೆ ಜೋರಿದ್ದರೆ ಫ್ಲೂಯಾಕ್ಸೆಟಿನ್, ಸರ್ಟ್ರಲಿನ್ ತರಹದ್ದು ಕೊಡುತ್ತಾರೆ. ಇವು ಚಟ ಹಿಡಿಸುವ ಗುಳಿಗೆಗಳಲ್ಲ. ಪೂರ್ತಿ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಹಾಗಾಗಿ ಎಂಟು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಗುಣವಾಯಿತು ಅಂತ ಒಮ್ಮೆಲೇ ನಿಲ್ಲಿಸುವುದೂ ಬೇಡ, ಡಾಕ್ಟರ್ ನಿಧಾನಕ್ಕೆ ಇಳಿಸುತ್ತಾರೆ. ಮೊದಲ ಕೆಲವು ವಾರ ಮಗುವಿನ ಮೇಲೆ ಕಣ್ಣಿಡಿ, ಚಡಪಡಿಕೆ ಜಾಸ್ತಿ ಆದರೆ, ಸಾಯುವ ಮಾತು ಬಂದರೆ ತಕ್ಷಣ ಡಾಕ್ಟರಿಗೆ ಹೇಳಿ.

ಚಟದ ಹೆದರಿಕೆ ಇರಬೇಕಾದ್ದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ತರುವ ನಿದ್ದೆಗುಳಿಗೆಗೆ, ಆಲ್ಪ್ರಾಜೋಲಾಮ್ ಅಂಥವಕ್ಕೆ. ಪಕ್ಕದ ಮನೆಯವರು ಕೊಟ್ಟರು ಅಂತ ನುಂಗಿಸಬೇಡಿ.

ನಮ್ಮ ಆಯಿ (ಅಜ್ಜಿ) ದೃಷ್ಟಿ ಆಗಿದೆ ಅಂತಾಳೆ. ದರ್ಗಾಕ್ಕೆ ಕರೆದುಕೊಂಡು ಹೋಗೋಣ ಅಂತಾಳೆ.

ಹೋಗಿ ಬನ್ನಿ. ಬಂದೇನವಾಜರ ದರ್ಗಾಕ್ಕೂ ಹೋಗಿ, ಶರಣಬಸವೇಶ್ವರ ಗುಡಿಗೂ ಹೋಗಿ. ಆಯಿಗೆ ಸಮಾಧಾನ, ಮಗುವಿಗೂ ಮನೆಯಿಂದ ಹೊರಗೆ ಕಾಲಿಟ್ಟ ಹಾಗಾಯ್ತು. ದವಾಖಾನೆಯ ತಾರೀಖು ಮಾತ್ರ ಅದಕ್ಕಾಗಿ ಮುಂದೆ ಹಾಕಬೇಡಿ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಎದ್ದು ಬನ್ನಿ.

ಮಗಳು ಹೇಗೂ ಶಾಲೆಗೆ ಹೋಗಲ್ಲ, ಮದುವೆ ಮಾಡಿಬಿಡಿ ಅಂತ ನೆಂಟರು ಹೇಳ್ತಿದ್ದಾರೆ.

ನಮ್ಮ ಕಡೆ ಈ ಮಾತು ಬಹಳ ಬೇಗ ಬರುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ, ಅದು ಒಂದು. ಶಾಲೆಯ ಬೆಂಚಿನಲ್ಲಿ ಕೂರಲು ಹೆದರುವ ಮಗುವನ್ನು ಗುರುತಿಲ್ಲದ ಮನೆಗೆ ಕಳಿಸಿದರೆ ಭಯ ಹೋಗುತ್ತದೆ ಅಂತ ಹೇಗೆ ನಂಬುತ್ತೀರಿ? ನೆಂಟರು ಬಂದಾಗ "ಚಿಕಿತ್ಸೆ ನಡೆದದ, ಓದ್ತಾಳ" ಅಂತ ಒಂದೇ ಮಾತಿನಲ್ಲಿ ಮುಗಿಸಿ. ಒತ್ತಡ ಜಾಸ್ತಿ ಆದರೆ 1098.

ಹಾಸ್ಟೆಲಿಗೆ ಹಾಕಿದರೆ ಸರಿ ಹೋಗ್ತಾನಾ? ಶಾಲೆ ಬದಲಿಸಿದರೆ?

ಹಾಸ್ಟೆಲ್, ಈ ಹೊತ್ತಿಗೆ ಬೇಡ. ಶಾಲೆ ಬದಲಿಸುವುದು ಕಾರಣ ನೋಡಿ. ಕಾಟ ಕೊಡುವವರು ಇದ್ದಾರೆ, ಶಾಲೆಯವರು ಎಷ್ಟು ಹೇಳಿದರೂ ಕೇಳುತ್ತಿಲ್ಲ ಅಂದರೆ ಬದಲಿಸಿ. ಬರೀ ಭಯ ಆದರೆ ಅದು ಹೊಸ ಶಾಲೆಗೂ ಜೊತೆಗೇ ಬರುತ್ತದೆ.

ಅಪ್ಪ ಅವ್ವ ಪುಣೆಯಲ್ಲಿ ದುಡಿಯಲು ಹೋಗಿದ್ದಾರೆ, ಹುಡುಗ ಆಯಿ ಜೊತೆ ಇದ್ದಾನೆ.

ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ, ಮೊದಲ ಹತ್ತು ನಿಮಿಷ ಶಾಲೆಯ ಸುದ್ದಿ ಎತ್ತಬೇಡಿ. ಶಾಲೆಯಲ್ಲಿ ಮಾತಾಡಲು, ದವಾಖಾನೆಗೆ ಹೋಗಲು ಊರಲ್ಲಿ ಒಬ್ಬರನ್ನು, ಮಾಮಾನೋ ಅತ್ತೆಯೋ, ಗೊತ್ತು ಮಾಡಿ. ಆಯಿಯೊಬ್ಬಳ ಮೇಲೆ ಹೊರಿಸಬೇಡಿ.

"ಸತ್ತರೆ ಚಲೋ" ಅಂತ ಒಂದೆರಡು ಸಲ ಅಂದಳು. ಹೆದರಿಸಲು ಅಂತಾಳಾ?

ಹಾಗಂತ ಎಣಿಸಬೇಡಿ. ನೇರವಾಗಿ ಕೇಳಿ, "ಸಾಯಬೇಕು ಅನಿಸ್ತದಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು, ಕೇಳಿದರೆ ಹಗುರಾಗುತ್ತಾರೆ. ಒಬ್ಬಳನ್ನೇ ಬಿಡಬೇಡಿ. ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ನಮ್ಮ ಮನೆಗಳಲ್ಲಿ ಕಟ್ಟೆ ಮೇಲೆ, ಮಂಚದ ಕೆಳಗೆ ಇರುತ್ತದೆ, ಅದನ್ನು ಇವತ್ತೇ ಬೀಗ ಹಾಕುವ ಕಡೆ ಇಡಿ, ಆಗದಿದ್ದರೆ ಮನೆಯಿಂದಲೇ ಹೊರಗೆ ಹಾಕಿ. ಗುಳಿಗೆಗಳನ್ನೂ ಅಷ್ಟೇ. ಅದೇ ದಿನ ಡಾಕ್ಟರಿಗೆ ತೋರಿಸಿ. ರಾತ್ರಿ ಆಗಿದ್ದರೆ 14416, ಏನಾದರೂ ಮಾಡಿಕೊಂಡಿದ್ದರೆ 112 ಇಲ್ಲವೇ 108. ಶಾಲೆಯ ವಿಚಾರ ಆ ವಾರ ಪಕ್ಕಕ್ಕಿರಲಿ.

ಎಷ್ಟು ದಿನಕ್ಕೆ ಸರಿ ಹೋಗುತ್ತೆ? ದಸರಾ ರಜೆ ಮುಗಿದಮೇಲೆ ಮತ್ತೆ ಶುರುವಾಗಿದೆ.

ಬೇಗ ಹಿಡಿದರೆ ಕೆಲವು ವಾರ, ತಿಂಗಳುಗಟ್ಟಲೆ ಮನೆಯಲ್ಲಿ ಕೂತಿದ್ದರೆ ಅಷ್ಟೇ ತಿಂಗಳು. ರಜೆ ಆದಮೇಲೆ, ಜ್ವರ ಬಂದು ನಾಲ್ಕು ದಿನ ಮಲಗಿದಮೇಲೆ, ಬೇಸಿಗೆ ರಜೆ ಮುಗಿದಮೇಲೆ ಮತ್ತೆ ತಲೆ ಎತ್ತುವುದು ಮಾಮೂಲು. ಹಿಂದಿನದೆಲ್ಲ ನೀರಲ್ಲಿ ಹೋಮ ಆಯ್ತು ಅಂತಲ್ಲ. ಹಳೇ ಹಾಳೆ ತೆಗೆಯಿರಿ, ಎರಡು ಮೆಟ್ಟಿಲು ಕೆಳಗಿಂದ ಶುರು ಮಾಡಿ, ಈ ಸಲ ಬೇಗ ಹತ್ತುತ್ತಾನೆ. ಮುಂದಿನ ರಜೆಗೆ ಶಾಲೆ ತೆರೆಯುವ ಹಿಂದಿನ ದಿನವೇ ಆ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ, ಟೀಚರಿಗೆ ಮೊದಲೇ ಒಂದು ಫೋನ್ ಮಾಡಿ, ಮೊದಲ ದಿನ ಅರ್ಧ ದಿನಕ್ಕೇ ಕರೆದುಕೊಂಡು ಬರುತ್ತೇನೆ ಅಂತ ಹೇಳಿಟ್ಟಿರಿ.